ಎಸಿ ಆರಿಸಿದ ಕೋಣೆ

ಮೊದ್ದು ಅಂದುಬಿಟ್ಟ. ಎಲ್ಲರೆದುರಿಗೆ, ನಗುನಗುತ್ತ, ಅದೂ ತನ್ನನ್ನು ಕಾಪಾಡುವುದಕ್ಕೆಂದೇ. ಊಟದ ಡಬ್ಬಿಯಲ್ಲಿದ್ದ ಹಂದಿಮಾಂಸದ ತುಂಡನ್ನು ಕಡ್ಡಿಗಳಿಂದ ಮಗುಚುತ್ತ ಪೆಂಗ್ ಯೂ-ಲಾನ್ ಆ ಮಾತನ್ನೂ ಮಗುಚಿ ಮಗುಚಿ ನೋಡುತ್ತಿದ್ದಳು. ಯಾವ ಕಡೆಯಿಂದ ನೋಡಿದರೂ ಅದು ಬೈಗುಳವೇ. ಹಾಗಂದ ಲಿಯಾವ್ ಈಗ ವಿಭಾಗದ ಮುಖ್ಯಸ್ಥ. ಹಿಂದೆ ಅವಳ ಪಕ್ಕದ ಮೇಜಿನಲ್ಲಿ ಕೂತು ಅವಳಿಂದಲೇ ಕೆಲಸ ಕಲಿತವನು, ಈಗಲೂ ಅಕ್ಕ ಎಂದೇ ಕರೆಯುತ್ತಾನೆ, ಹೊಸ ವರ್ಷಕ್ಕೆ ಅವನ ಹೆಂಡತಿ ತಪ್ಪದೆ ಕಿತ್ತಳೆ ಬುಟ್ಟಿ ಕಳಿಸುತ್ತಾಳೆ. ಅವನು ಮೊದ್ದು ಅಂದದ್ದು ಯೂ-ಲಾನ್‌ಗಲ್ಲ, ಯಜಮಾನಿಗೆ. ತನಗೇ ಅಂದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಐವತ್ತು ದಾಟಿದ ಹೆಂಗಸನ್ನು ಮೊದ್ದು ಅಂದರೆ ಯಾರಿಗೇನು ನಷ್ಟ? ಶಿನ್‌ಚು ಊರಿನ ಚಿಪ್ ಕಂಪನಿಗಳಲ್ಲಿ ಅಂಥ ಹೆಂಗಸರೂ ಗಂಡಸರೂ ಬೇಕಾದಷ್ಟಿದ್ದಾರೆ, ಸಂಬಳ ತೆಗೆದುಕೊಂಡು ಸುಖವಾಗಿದ್ದಾರೆ. ಆದರೆ ಯಜಮಾನಿಯನ್ನು ಹಾಗನ್ನಬಾರದಿತ್ತು. ಅನ್ನುವಾಗ ಅವನು ತನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ್ದು, ತಾನೂ ತಿರುಗಿ ನಕ್ಕದ್ದು ನೆನಪಾಗಿ ಕಡ್ಡಿಗಳನ್ನು ಕೆಳಗಿಟ್ಟಳು.

ಯಜಮಾನಿ ಅಂದರೆ ಅವರ ಪ್ರೊಸೆಸರ್‌ಗಳ ಒಂದು ಮೂಲೆಯಲ್ಲಿ ಕೂತು ವಿದ್ಯುತ್ತನ್ನು ಅಳೆದು ಕೊಡುವ, ಯೂ-ಲಾನ್ ಕಟ್ಟಿದ ಭಾಗ. ಕಾಗದದ ಮೇಲೆ ಅದಕ್ಕೊಂದು ಉದ್ದನೆಯ ಹೆಸರಿದೆ, ಯಾರಿಗೂ ನೆನಪಿಲ್ಲ. ಮನೆಯಾಕೆ ಅಕ್ಕಿ ಅಳೆದು ಹಾಕುವ ಹಾಗೆ ಯಾರಿಗೆ ಎಷ್ಟು ಬೇಕೋ ಅಷ್ಟೇ ಹಾಕುತ್ತಾಳಲ್ಲ ಎಂದು ಯಾರೋ ಯಜಮಾನಿ ಎಂದು ಕರೆದರು, ಅದೇ ನಿಂತುಬಿಟ್ಟಿತು. ಕೆಲಸವಿಲ್ಲದವರನ್ನು ಮಲಗಿಸುತ್ತಾಳೆ, ಕೆಲಸ ಬಂದಾಗ ಎಬ್ಬಿಸುತ್ತಾಳೆ. ಚಿಪ್ಪಿನ ಮೈ ಬಿಸಿಯಾಗಿ ಮಿತಿ ಮುಟ್ಟಿತೋ, ವೇಗವನ್ನು ಕೂದಲೆಳೆಯಷ್ಟು ಇಳಿಸುತ್ತಾಳೆ; ತಣಿಯಿತೋ, ಇಳಿಸಿದಷ್ಟನ್ನೇ ಏರಿಸುತ್ತಾಳೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಬುದ್ಧಿಮಾತನ್ನು ಈ ಲೋಕದಲ್ಲಿ ಚಾಚೂ ತಪ್ಪದೆ ಪಾಲಿಸುವವಳು ಇವಳೊಬ್ಬಳೇ ಇರಬೇಕು. ಯೂ-ಲಾನ್ ಹಕ್ಕಾ ಜನದವಳು. ಹಕ್ಕಾದವರು ಜಿಪುಣರು, ಒಂದು ಮೂಲಂಗಿ ಒಣಗಿಸಿಟ್ಟು ಮೂರು ತಲೆಮಾರು ತಿನ್ನುತ್ತಾರೆ ಎಂದು ದ್ವೀಪದ ಉಳಿದವರೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ತೈಪೆಗೆ ಹೋಗುವ ರೈಲಿನಲ್ಲಿ ಯಾರಾದರೂ ಹುಡುಗ ಬೆಳಗಿನಿಂದ ಚಾರ್ಜ್ ಮಾಡದ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಇನ್ನೂ ಏನನ್ನೋ ಕುಟ್ಟುತ್ತ ಕೂತಿದ್ದರೆ ಅವಳಿಗೆ ಎದೆ ತುಂಬುತ್ತದೆ. ಅವನ ತೊಡೆ ಸುಡದಿರುವುದು ತನ್ನಿಂದ. ಅವನಿಗೆ ಅದು ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಮದುವೆಯಾಗದ ಹೆಂಗಸಿಗೆ ಮಕ್ಕಳಿಲ್ಲವಲ್ಲ ಎಂದು ಮರುಗುವ ಚಿಕ್ಕಮ್ಮಂದಿರನ್ನು ಆ ರೈಲಿಗೆ ಹತ್ತಿಸಿ ತೋರಿಸಬೇಕು ಅನ್ನಿಸುತ್ತದೆ.

ಇವತ್ತು ಬೆಳಿಗ್ಗೆ ತೈನಾನ್‌ನಿಂದ ಒಬ್ಬಳು ಬಂದಿದ್ದಳು. ಕುವೋ ಶಿನ್-ನಿ, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವ ಹುಡುಗಿ. ಬರುವಾಗ ಬರಿಗೈಯಲ್ಲಿ ಬರಬಾರದೆಂದು ಒಣಮಾವಿನ ಡಬ್ಬಿ ತಂದಿದ್ದಳು, ಎರಡೂ ಕೈಯಲ್ಲಿ ಹಿಡಿದು ಬಗ್ಗಿ ಕೊಟ್ಟಳು, ಆಮೇಲೆ ನಿಮ್ಮ ಪ್ರೊಸೆಸರ್ ಗುಟ್ಟು ಬಿಟ್ಟುಕೊಡುತ್ತದೆ ಅಂದಳು. ಅವಳು ಹೇಳಿದ್ದು ಇಷ್ಟೇ, ಮತ್ತು ಅದನ್ನು ಚೆನ್ನಾಗಿಯೇ ಹೇಳಿದಳು: ಲೆಕ್ಕ ಮಾಡುವಾಗ ಅಂಕಿಯಲ್ಲಿ ಒಂದುಗಳು ಹೆಚ್ಚಿದ್ದರೆ ವಿದ್ಯುತ್ ಸ್ವಲ್ಪ ಹೆಚ್ಚು ಬೇಕು, ಸೊನ್ನೆಗಳು ಹೆಚ್ಚಿದ್ದರೆ ಸ್ವಲ್ಪ ಕಮ್ಮಿ. ಹೆಚ್ಚು ಬೇಕಾದಾಗ ಯಜಮಾನಿ ವೇಗ ಇಳಿಸುತ್ತಾಳೆ, ಕಮ್ಮಿ ಸಾಕಾದಾಗ ಏರಿಸುತ್ತಾಳೆ. ಅಂದಮೇಲೆ ಹೊರಗೆ ಗಡಿಯಾರ ಹಿಡಿದು ಕೂತವನು ಕೆಲಸ ಎಷ್ಟು ಹೊತ್ತಿಗೆ ಮುಗಿಯಿತು ಎಂದು ನೋಡುತ್ತ ನೋಡುತ್ತ, ಒಳಗಿರುವ ಅಂಕಿ ಯಾವುದೆಂದು ಊಹಿಸಬಹುದು. ಆ ಅಂಕಿ ಬ್ಯಾಂಕಿನ ಬೀಗದ ಕೀಲಿಯಾಗಿದ್ದರೆ ಕೀಲಿಯೇ ಸಿಕ್ಕಿತು. ಒಂದು ಬಾಗಿಲನ್ನೂ ಮುರಿಯಬೇಕಾಗಿಲ್ಲ. ತೋರಿಸಮ್ಮ ಅಂದರು. ಆಫೀಸಿನ ಆ-ಹುಂಗ್ ಒಂದು ರಹಸ್ಯ ಕೀಲಿಯನ್ನು ಚಿಪ್ಪಿನಲ್ಲಿಟ್ಟು, ಅದರ ಅಂಕಿಗಳನ್ನು ಯಾರಿಗೂ ತೋರಿಸದೆ ತನ್ನ ಫೋನಿನಲ್ಲಿ ಬರೆದಿಟ್ಟುಕೊಂಡ. ಲ್ಯಾಬಿನ ಪಕ್ಕದ ಪುಟ್ಟ ಕೋಣೆಯಲ್ಲಿ, ಬೆರಳು ಸೆಡೆಯುವಷ್ಟು ಎಸಿ ಬಿಟ್ಟುಕೊಂಡು, ಎಲ್ಲರೂ ಪರದೆಯ ಮುಂದೆ ಕೂತು ಮಾವು ಚೀಪಿದರು. ಹುಡುಗಿಯ ಪ್ರೋಗ್ರಾಮು ಓಡಿತು, ಓಡುತ್ತಲೇ ಇತ್ತು, ಪರದೆಯ ಮೇಲೆ ಕಾಳುಮೆಣಸು ಚೆಲ್ಲಿದ ಹಾಗೆ ಚುಕ್ಕಿಗಳು ಬಿದ್ದವೇ ಹೊರತು ಒಂದು ಅಂಕಿಯೂ ಮೂಡಲಿಲ್ಲ.

"ನಮ್ಮ ತೈನಾನ್‌ನಲ್ಲಿ ಬರ್ತಿತ್ತು ಸರ್," ಅಂದಳು ಹುಡುಗಿ. ಕುತ್ತಿಗೆ ಕೆಂಪಾಗಿತ್ತು. "ಪ್ರತಿ ಸಲಾನೂ ಬರ್ತಿತ್ತು. ನಮ್ಮ ಮೇಷ್ಟ್ರೂ ನೋಡಿದಾರೆ."

ಆಗ ಬಾಯಿಬಿಟ್ಟವಳು ಯೂ-ಲಾನ್. "ತೈನಾನ್ ಅಂದ್ರೆ ಸಾರಿಗೂ ಸಕ್ಕರೆ ಹಾಕೋ ಊರು ಕಣಮ್ಮ. ಅಲ್ಲಿ ಲೆಕ್ಕಾನೂ ಸಿಹಿಯಾಗೇ ಬರುತ್ತೆ."

ಎಲ್ಲರೂ ಗೊಳ್ಳೆಂದು ನಕ್ಕರು. ಅವಳು ತಂದ ಮಾವನ್ನೇ ಬಾಯಲ್ಲಿಟ್ಟುಕೊಂಡು ನಕ್ಕರು. ಹುಡುಗಿ ತಾನೂ ನಕ್ಕಳು, ನಗದಿದ್ದರೆ ಚೆನ್ನಾಗಿರುವುದಿಲ್ಲವಲ್ಲ. ಆ ನಗು ಯೂ-ಲಾನ್‌ಗೆ ಗುರುತಿತ್ತು. ಕಂಪನಿಗೆ ಸೇರಿದ ಹೊಸದರಲ್ಲಿ, ಹೆಂಗಸಿಗೆ ಕರೆಂಟಿನ ಕೆಲಸ ಯಾಕೆ, ಮುಟ್ಟಿದರೆ ಶಾಕ್ ಹೊಡೆಯುತ್ತೆ ಎಂದು ಒಬ್ಬ ದೊಡ್ಡ ಮನುಷ್ಯ ತಮಾಷೆ ಮಾಡಿದಾಗ ಅವಳು ನಕ್ಕಿದ್ದೂ ಹಾಗೆಯೇ. ಲಿಯಾವ್‌ಗೆ ಆ ನಗುವಿನ ಬಲ ಸಿಕ್ಕಿತು. ಕಾಲ ಮೇಲೆ ಕಾಲು ಹಾಕಿಕೊಂಡು, ಮೃದುವಾಗಿ, ಮಗುವಿಗೆ ತಿಳಿಹೇಳುವ ದನಿಯಲ್ಲಿ ಅಂದ:

"ನೋಡಮ್ಮ, ನೀನು ಹೇಳೋದು ನಿಜ ಆಗ್ಬೇಕಾದ್ರೆ ನಮ್ಮ ಯಜಮಾನಿ ಭಾರಿ ಚುರುಕಾಗಿರ್ಬೇಕು. ಅವಳು ಮೊದ್ದು. ಅಂದಾಜಿನ ಮೇಲೆ ಒಂಚೂರು ಹೆಚ್ಚು, ಒಂಚೂರು ಕಮ್ಮಿ ಮಾಡ್ತಾಳೆ, ಅಷ್ಟೇ. ಅವಳ ಏರಿಳಿತದಲ್ಲಿ ಗುಟ್ಟು ಹುಡುಕೋದು ಅಂದ್ರೆ ಮುದುಕಿ ಗೊರಕೇಲಿ ರಾಗ ಹುಡುಕಿದ ಹಾಗೆ."

ಕಣ್ಣು ಮಿಟುಕಿಸಿದ್ದು ಆಗಲೇ. ಆಮೇಲೆ ಕಾರಿಡಾರಿನಲ್ಲಿ ಅವಳ ಹೆಗಲು ಮುಟ್ಟಿ, "ಹೇಗಿತ್ತು ಅಕ್ಕ? ಉಳಿಸ್ಕೊಂಡೆ ತಾನೇ?" ಅಂದ. ಉಳಿಸಿಕೊಂಡದ್ದು ನಿಜವೇ. ಹುಡುಗಿ ಹೇಳಿದ್ದು ಸಾಬೀತಾದರೆ ಮುಂದಿನ ಚಿಪ್ಪಿನಿಂದ ಯಜಮಾನಿಯನ್ನು ಕಿತ್ತುಹಾಕಿ, ಒಂದೇ ವೇಗದಲ್ಲಿ ಓಡುವ ಹಾಗೆ ಮಾಡಿ ಎಂದು ಮೇಲಿನವರು ಆಗಲೇ ಹೇಳಿಯಾಗಿತ್ತು. ಆ ಚಿಪ್ಪಿನ ನಕ್ಷೆ ಕಾರ್ಖಾನೆಗೆ ಹೋಗಲು ಇನ್ನು ಹೆಚ್ಚು ದಿನವಿರಲಿಲ್ಲ. ಅವಳು ಅರ್ಧ ಆಯಸ್ಸು ಕೂತು ಕಟ್ಟಿದ್ದನ್ನು ಉಳಿಸಲು ಲಿಯಾವ್ ಒಂದು ಸುಳ್ಳು ಹೇಳಿದ, ಅದೂ ಸುಳ್ಳೋ, ಅವನು ಹಾಗೆಂದೇ ನಂಬಿದ್ದಾನೋ ಯಾರಿಗೆ ಗೊತ್ತು. ನಂಬಿದ್ದರೆ ಇನ್ನೂ ಕೆಟ್ಟದ್ದು. ಇಷ್ಟು ವರ್ಷ ತನ್ನ ಪಕ್ಕ ಕೂತು ಅವನು ಕಲಿತದ್ದೇನು? ಥ್ಯಾಂಕ್ಸ್ ಕಣಪ್ಪ ಅಂದಿದ್ದಳು. ಅನ್ನದೆ ಇನ್ನೇನು ಮಾಡುವುದು.

ಡಬ್ಬಿ ಮುಚ್ಚಿ ಎದ್ದಳು. ಮಧ್ಯಾಹ್ನದ ನಿದ್ದೆಯ ಹೊತ್ತು, ಆಫೀಸಿಡೀ ದಿಂಬುಗಳನ್ನು ಮೇಜಿನ ಮೇಲಿಟ್ಟು ಹಣೆ ಊರುತ್ತಿತ್ತು. ಈ ಹೊತ್ತಿಗೆ ದೀಪಗಳನ್ನೂ ಬೇಡದ ಎಸಿಗಳನ್ನೂ ಆರಿಸುತ್ತ ಒಂದು ಸುತ್ತು ಬರುವುದು ಅವಳ ಪದ್ಧತಿ, ಯಾರೂ ಹೇಳಿದ್ದಲ್ಲ, ಯಾರೂ ಬೇಡ ಅಂದದ್ದೂ ಇಲ್ಲ. ಬೆಚ್ಚಗೆ ಕೂತ ಕತ್ತಲೆಯಲ್ಲಿ ಆ-ಹುಂಗ್ ದಿಂಬಿನಿಂದ ತಲೆಯೆತ್ತದೆ, "ಗಸ್ತು ಬಂತು, ಯಾರೂ ಉಸಿರಾಡ್ಬೇಡಿ, ಅಕ್ಕ ಅದನ್ನೂ ಆರಿಸಿಬಿಡ್ತಾರೆ," ಅಂದ. "ನಿನ್ನ ಬಾಯಿ ಆರಿಸೋಕೆ ಸ್ವಿಚ್ ಸಿಕ್ತಿಲ್ಲ ನೋಡು," ಅಂದು ಮುಂದೆ ಹೋದಳು. ಪುಟ್ಟ ಕೋಣೆಯಲ್ಲಿ ಯಾರೂ ಇರಲಿಲ್ಲ. ಹುಡುಗಿಯ ಪರದೆ ಇನ್ನೂ ಓಡುತ್ತಿತ್ತು, ಕುರ್ಚಿಯ ಬೆನ್ನಿಗೆ ಅವಳ ಚೀಲ ನೇತಾಡುತ್ತಿತ್ತು. ಪಾಪ, ಬಿಟ್ಟು ಬಿಡಲು ಮನಸ್ಸಾಗಿಲ್ಲ. ಖಾಲಿ ಕೋಣೆಗೆ ಇಷ್ಟು ತಂಪು ಯಾಕೆ? ಯೂ-ಲಾನ್ ಎಸಿ ಆರಿಸಿ, ಬಾಗಿಲು ಎಳೆದುಕೊಂಡು ಬಂದಳು.

ತನ್ನ ಮೇಜಿಗೆ ಬಂದು ಹಣೆ ಊರಿದಳು, ನಿದ್ದೆ ಬರಲಿಲ್ಲ. ಮುದುಕಿಯ ಗೊರಕೆ. ಯಜಮಾನಿಗೆ ಕೂದಲೆಳೆಯ ವ್ಯತ್ಯಾಸ ಕಲಿಸಲು ತಾನು ಪಟ್ಟ ಪಾಡು ಇವನಿಗೆ ಗೊತ್ತಿಲ್ಲವೇ? ಮೊದಮೊದಲು ಅವಳು ನಿಜಕ್ಕೂ ಮೊದ್ದಾಗಿದ್ದಳು, ಬಿಸಿಯಾದರೆ ಬೆಚ್ಚಿ ವೇಗವನ್ನು ಅರ್ಧಕ್ಕೆ ಇಳಿಸಿಬಿಡುತ್ತಿದ್ದಳು, ಹಾಲು ಉಕ್ಕಿತೆಂದು ಒಲೆಗೇ ನೀರು ಸುರಿಯುವ ಹೊಸ ಸೊಸೆಯ ಹಾಗೆ. ಒಂದು ಬೇಸಿಗೆಯಿಡೀ ಯೂ-ಲಾನ್ ಚಿಪ್ಪಿನ ಮುಂದೆ ಕೂತು ಅದರ ಬಿಸಿಯನ್ನು ಬೆರಳ ತುದಿಯಲ್ಲಿ ಕಲಿತಿದ್ದಳು. ಗೆಳತಿಯ ಮದುವೆಗೆ ಹೋಗಿರಲಿಲ್ಲ. ಅಪ್ಪನಿಗೆ ಆಪರೇಷನ್ ಆದಾಗ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು, ಎಷ್ಟು ಇಳಿಸಿದರೆ ಸಾಕು, ಎಷ್ಟು ಇಳಿಸಿದರೆ ಸಾಕು ಎಂದು ಗುಣುಗುತ್ತಿದ್ದವಳನ್ನು ನೋಡಿ ನರ್ಸು ಜ್ವರ ಇಳಿಸುವ ಮಾತೆಂದುಕೊಂಡು ಸಮಾಧಾನ ಹೇಳಿದ್ದಳು. ಅದೆಲ್ಲ ಸೇರಿ ಗೊರಕೆಯಾಯಿತು. ಮತ್ತೆ ಆ ಹುಡುಗಿಯ ಕೆಂಪೇರಿದ ಕುತ್ತಿಗೆ. ತಾನು ಸಕ್ಕರೆಯ ಮಾತು ಆಡಬಾರದಿತ್ತು. ಆಡಿದ್ದು ಯಾಕೆಂದೂ ಗೊತ್ತಿತ್ತು: ಹುಡುಗಿ ಯಜಮಾನಿಯ ವಿಷಯ ಮಾತಾಡುವಾಗ, ಅಷ್ಟು ಜನರ ಮಧ್ಯೆ ಯಜಮಾನಿಯನ್ನು ಅರಿತು ಮಾತಾಡಿದವಳು ಅವಳೊಬ್ಬಳೇ ಅನ್ನಿಸಿ ಹೊಟ್ಟೆಕಿಚ್ಚಾಗಿತ್ತು. ಪರರ ಮನೆಯವಳು ಬಂದು ನಿಮ್ಮ ಮಗಳು ಹೀಗೆ ಅಂದರೆ, ಹೌದು ಅನ್ನಿಸಿದರೂ, ತಾಯಿಗೆ ಸಿಟ್ಟು ಬರುತ್ತದೆ.

ಮಾಡಿದ್ದಕ್ಕೆ ಏನಾದರೊಂದು ಪ್ರಾಯಶ್ಚಿತ್ತ, ಒಂದು ಲೋಟ ಟೀಯಾದರೂ ಹುಡುಗಿಯ ಮೇಜಿನ ಮೇಲಿಟ್ಟು ಬರೋಣವೆಂದು ಎದ್ದಳು. ಟೀ ಲೋಟ ಹಿಡಿದು ಪುಟ್ಟ ಕೋಣೆಯ ಬಾಗಿಲು ತೆರೆದರೆ ಮುಖಕ್ಕೆ ಸೆಕೆ ಹೊಡೆಯಿತು. ಕಿಟಕಿಯಿಲ್ಲದ ಕೋಣೆ, ಹೊರಗೆ ಜುಲೈ ತಿಂಗಳು, ಒಳಗೆ ಯಂತ್ರಗಳು ಓಡುತ್ತಲೇ ಇದ್ದವು. ಫ್ಯಾನು ಕೂಗಿಕೊಳ್ಳುತ್ತಿತ್ತು. ಅಯ್ಯೋ, ಬೇರೆಯವರ ಕೆಲಸ ಓಡುತ್ತಿರುವಾಗ ಎಸಿ ಆರಿಸಿದೆನಲ್ಲ, ಜಿಪುಣಬುದ್ಧಿಗಿಷ್ಟು ಎಂದುಕೊಂಡು ಲೋಟ ಮೇಜಿನ ಮೇಲಿಟ್ಟು ಗೋಡೆಯಲ್ಲಿದ್ದ ರಿಮೋಟಿನ ಕಡೆ ಕೈ ಚಾಚಿದವಳು ಪರದೆ ನೋಡಿ ಹಾಗೆಯೇ ನಿಂತಳು. ಚೆಲ್ಲಿದ ಮೆಣಸುಕಾಳುಗಳು ಎರಡು ಗುಂಪಾಗಿದ್ದವು. ಮೇಲೊಂದು ಸಾಲು, ಕೆಳಗೊಂದು ಸಾಲು, ಮಧ್ಯೆ ಬೈತಲೆ ತೆಗೆದ ಹಾಗೆ ಖಾಲಿ. ಪರದೆಯ ಕೆಳಗಡೆ ಅಂಕಿಗಳು ಮೂಡುತ್ತಿದ್ದವು. ಒಂದು, ಸೊನ್ನೆ, ಸೊನ್ನೆ. ಸ್ವಲ್ಪ ತಡೆದು, ಒಂದು.

ಅವಳಿಗೆ ವಿವರಿಸುವವರು ಬೇಕಾಗಿರಲಿಲ್ಲ. ಬೆಳಿಗ್ಗೆ ಕೋಣೆ ತಣ್ಣಗಿತ್ತು, ಚಿಪ್ಪಿನ ಬಿಸಿ ಮಿತಿ ಮುಟ್ಟಲೇ ಇಲ್ಲ, ಯಜಮಾನಿಗೆ ಕೆಲಸವೇ ಇರಲಿಲ್ಲ, ಕೈಕಟ್ಟಿ ಕೂತಿದ್ದಳು. ಅವಳು ಕೂತಿದ್ದನ್ನು ನೋಡಿ ಮೊದ್ದು ಅಂದರು. ತೈನಾನ್‌ನಲ್ಲಿ ಈ ಹುಡುಗಿಯ ಯಂತ್ರ ತಾರಸಿಯ ಕೆಳಗಿನ ಯಾವುದೋ ಸುಡುಕೋಣೆಯಲ್ಲಿ ಇದ್ದಿರಬೇಕು, ಅಲ್ಲಿ ಯಜಮಾನಿ ಸದಾ ದುಡಿಯುತ್ತಿದ್ದಳು. ಹುಡುಗಿಗೆ ಕೋಣೆಯ ಯೋಚನೆ ಬಂದಿಲ್ಲ; ಬೇಗೆಯಲ್ಲಿ ಹುಟ್ಟಿ ಬೆಳೆದವರಿಗೆ ಬೇಗೆ ಕಾಣುವುದಿಲ್ಲ. ಈಗ ಬಿಸಿ ಮಿತಿ ಮುಟ್ಟಿದೆ, ಯಜಮಾನಿ ಎದ್ದಿದ್ದಾಳೆ. ಹೆಚ್ಚು ಬೇಕೆಂದವನಿಗೆ ಕೂದಲೆಳೆಯಷ್ಟು ಕಮ್ಮಿ ವೇಗ, ಕಮ್ಮಿ ಸಾಕೆಂದವನಿಗೆ ಕೂದಲೆಳೆಯಷ್ಟು ಹೆಚ್ಚು. ಪ್ರತಿ ಸಲವೂ. ಒಂದು ಸಲವೂ ಕೈ ನಡುಗದೆ. ಯೂ-ಲಾನ್‌ಗೆ ಭಯವಾಗಬೇಕಿತ್ತು, ಆಯಿತು ಕೂಡ; ಆದರೆ ಭಯಕ್ಕಿಂತ ಮೊದಲು ಬಂದದ್ದು ಹಿಗ್ಗು. ನೋಡಿ, ಇವಳನ್ನ ನೋಡಿ ಎಂದು ಕೂಗಿ ಮಲಗಿದವರನ್ನೆಲ್ಲ ಎಬ್ಬಿಸಬೇಕೆನ್ನಿಸಿತು. ಇಷ್ಟು ನಿಖರವಾಗಿ ಯಾರು ಯಾರಿಗೆ ಬಡಿಸಿಯಾರು? ಆ ನಿಖರತೆಯೇ ಅವಳ ಕುತ್ತಿಗೆಗೆ ಬಂದಿತ್ತು. ಮೊದ್ದಾಗಿದ್ದಿದ್ದರೆ ಬದುಕುತ್ತಿದ್ದಳು.

ಕೈ ಇನ್ನೂ ರಿಮೋಟಿನ ಹತ್ತಿರವೇ ಇತ್ತು. ಒತ್ತಿದರೆ ಮುಗಿಯಿತು. ಕೋಣೆ ತಣ್ಣಗಾಗುತ್ತದೆ, ಚುಕ್ಕಿಗಳು ಮತ್ತೆ ಚೆಲ್ಲಾಪಿಲ್ಲಿಯಾಗುತ್ತವೆ, ಮೂಡಿದ ಅಂಕಿಗಳನ್ನು ಅಳಿಸಲು ಒಂದು ಗುಂಡಿ ಸಾಕು, ಹುಡುಗಿ ಸಂಜೆಯ ರೈಲು ಹತ್ತುತ್ತಾಳೆ. ಕಳ್ಳರು? ಕಳ್ಳರಿಗೆ ಇದು ಹೊಳೆಯಲು ಇನ್ನೂ ವರ್ಷಗಳು ಬೇಕು, ಅಷ್ಟರಲ್ಲಿ ತಾನೇ ಸದ್ದಿಲ್ಲದೆ ಏನಾದರೂ ತೇಪೆ ಹಾಕಬಹುದು. ಏನು ತೇಪೆ? ಯಜಮಾನಿಯನ್ನು ಇಟ್ಟುಕೊಂಡೂ ಗುಟ್ಟು ಕಾಯಬೇಕಾದರೆ ಇರುವುದು ಒಂದೇ ದಾರಿ, ಕೆಲಸವಿರಲಿ ಇಲ್ಲದಿರಲಿ ಸುಮ್ಮಸುಮ್ಮನೆ ವಿದ್ಯುತ್ ಸುಡುತ್ತಿರಬೇಕು, ಹೊರಗಿನವನಿಗೆ ಒಳಗಿನ ಹೆಚ್ಚುಕಮ್ಮಿ ತಿಳಿಯದ ಹಾಗೆ. ದಂಡ. ಶುದ್ಧ ದಂಡ. ಆ ಪದಕ್ಕೆ ಅವಳ ಮೈ ಮುದುಡಿತು, ಮುದುಡಿದೊಡನೆ ಅಮ್ಮನ ಕತ್ತಿಯ ಸದ್ದು ಕೇಳಿಸಿತು. ಹುಟ್ಟೂರು ಬೇಪುವಿನ ಅವರ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ವರ್ಷದ ಕೊನೆಯ ಸಂಜೆ ಯಾರ ಮನೆಯಲ್ಲಿ ಎಷ್ಟು ಹೊತ್ತು ಕೊಚ್ಚುವ ಸದ್ದು ಬಂತು ಎಂದು ಕೇಳಿಯೇ ಯಾರಿಗೆ ಎಷ್ಟು ಮಾಂಸ ಎಂದು ಓಣಿಯವರು ಹೇಳಿಬಿಡುತ್ತಿದ್ದರು. ಒಂದು ವರ್ಷ ಮನೆಯಲ್ಲಿ ಏನೂ ಇರಲಿಲ್ಲ, ಒಣ ಮೂಲಂಗಿ ಬಿಟ್ಟರೆ. ಅಮ್ಮ ಖಾಲಿ ಹಲಗೆಯ ಮೇಲೆ ಕತ್ತಿ ಹಿಡಿದು ಕೂತು ಕೊಚ್ಚಿದಳು, ಟಕ ಟಕ ಟಕ, ಪಕ್ಕದ ಮನೆಯ ಸದ್ದು ನಿಲ್ಲುವವರೆಗೂ ಕೊಚ್ಚಿದಳು. ಹಲಗೆ ಹಾಳಾಗುತ್ತಲ್ಲಮ್ಮ, ಕತ್ತಿ ಮೊಂಡಾಗುತ್ತಲ್ಲ ಎಂದು ಯೂ-ಲಾನ್ ಅತ್ತಿದ್ದಳು. ಬೆಂಕಿಕಡ್ಡಿಯನ್ನೂ ಸೀಳಿ ಎರಡು ಮಾಡಿ ಉಳಿಸುವ ಅಮ್ಮ ತಲೆಯೆತ್ತದೆ, "ಹಾಳಾಗ್ಲಿ," ಅಂದಿದ್ದಳು. ಆಗ ಅದು ಸುಳ್ಳು ಬಡಿವಾರ ಅನ್ನಿಸಿ ತುಂಬ ನಾಚಿಕೆಯಾಗಿತ್ತು. ಅಮ್ಮನಿಗೆ ಎಲ್ಲಿ ಉಳಿಸಬೇಕು, ಎಲ್ಲಿ ಸುಡಬೇಕು ಎರಡೂ ಗೊತ್ತಿತ್ತು, ತಾನು ಕಲಿತದ್ದು ಒಂದನ್ನೇ.

ಬಾಗಿಲು ತೆರೆಯಿತು. ಯೂ-ಲಾನ್ ತನಗೇ ಗೊತ್ತಿಲ್ಲದಂತೆ ಹೆಜ್ಜೆ ಸರಿದು ಪರದೆಗೆ ಬೆನ್ನು ಕೊಟ್ಟು ನಿಂತಳು, ಕದ್ದು ತಿಂದ ಮಗು ಡಬ್ಬಿಗೆ ಅಡ್ಡ ನಿಂತ ಹಾಗೆ. ಬಂದವಳು ಶಿನ್-ನಿ. ಮುಖ ತೊಳೆದುಕೊಂಡು ಬಂದಿದ್ದಳು, ಕಣ್ಣು ಊದಿತ್ತು.

"ಚೀಲ ತಗೊಂಡು ಹೋಗೋಣ ಅಂತ ಬಂದೆ ಅಕ್ಕ. ಎಲ್ಲರೂ ಮಲಗಿದಾರೆ, ಈಗ್ಲೇ ಹೊರಟ್ರೆ ಯಾರ ಮುಖಾನೂ ನೋಡ್ಬೇಕಾಗಿಲ್ಲ."

"ಹೇಳದೇ ಹೋಗ್ತೀಯಾ?"

"ಏನಂತ ಹೇಳ್ಲಿ? ಸಾರಿಗೆ ಸಕ್ಕರೆ ಜಾಸ್ತಿ ಆಯ್ತು ಅಂತ ಹೇಳ್ಲಾ?"

ಯೂ-ಲಾನ್‌ಗೆ ಕಪಾಳಕ್ಕೆ ಬಿದ್ದ ಹಾಗಾಯಿತು. ಕೊಟ್ಟಳು ನೋಡು, ಪರವಾಗಿಲ್ಲ, ಬೆನ್ನುಮೂಳೆ ಇದೆ ಎಂದೂ ಅನ್ನಿಸಿತು. "ನಾನು ಹಾಗನ್ನಬಾರದಿತ್ತು," ಅಂದಳು.

"ನೀವು ಅಂದಿದ್ದಕ್ಕೆ ನಂಗೆ ಬೇಜಾರಿಲ್ಲ ಅಕ್ಕ. ನಮ್ಮಜ್ಜಿ ನಿಜವಾಗ್ಲೂ ಸಾರಿಗೆ ಸಕ್ಕರೆ ಹಾಕ್ತಾರೆ." ಹುಡುಗಿ ಚೀಲ ಹೆಗಲಿಗೇರಿಸಿದಳು, ಹೋಗದೆ ಅಲ್ಲೇ ನಿಂತಳು. "ಆದ್ರೆ ನಿಮ್ಮ ಸರ್ ಅದನ್ನ ಮೊದ್ದು ಅಂದ್ರಲ್ಲ, ಅದು ಸಹಿಸೋಕಾಗ್ಲಿಲ್ಲ. ಎರಡು ವರ್ಷ ಅದರ ಜೊತೆ ಇದೀನಿ. ಬೇರೆ ಕಂಪನಿಗಳವೂ ನೋಡಿದೀನಿ, ಎಲ್ಲ ತಡಬಡ ಅಂತವೆ. ಇದು ಹಾಗಲ್ಲ. ಅದಕ್ಕೆ ಗೊತ್ತಾಗದೇ ಇರೋದೇ ಇಲ್ಲ. ನಾನು ತಪ್ಪು ಮಾಡಿದೀನಿ, ಎಲ್ಲೋ ಏನೋ ಎಡವಟ್ಟು ಮಾಡಿದೀನಿ, ಒಪ್ತೀನಿ. ಅದು ಮಾತ್ರ ಮೊದ್ದಲ್ಲ." ಅಂದವಳು ಅಂಗೈಯಿಂದ ಹಣೆ ಒರೆಸಿಕೊಂಡಳು. "ಇಲ್ಯಾಕೆ ಇಷ್ಟು ಸೆಕೆ? ನಮ್ಮ ಲ್ಯಾಬ್ ಇದ್ದ ಹಾಗೇ ಇದೆ."

ಹಾಗಂದವಳ ಬಾಯಿ ಅರ್ಧ ತೆರೆದೇ ಉಳಿಯಿತು. ಅವಳಿಗೆ ಹೊಳೆಯುತ್ತಿರುವುದು ಯೂ-ಲಾನ್‌ಗೆ ಕಾಣುತ್ತಿತ್ತು, ಕತ್ತಲ ಕೋಣೆಯಲ್ಲಿ ಟ್ಯೂಬ್‌ಲೈಟ್ ಮಿಣುಕಿ ಮಿಣುಕಿ ಹೊತ್ತಿಕೊಳ್ಳುವ ಹಾಗೆ. ಇನ್ನೂ ಕಾಲ ಮಿಂಚಿರಲಿಲ್ಲ. ಎಸಿ ಕೆಟ್ಟಿದೆ ಕಣಮ್ಮ ಅಂದು, ಒಂದು ಕೈ ಹಿಂದೆ ಹಾಕಿ ಪರದೆ ಆರಿಸಿ, ಹುಡುಗಿಯ ಹೆಗಲು ಹಿಡಿದು ರೈಲು ತಪ್ಪುತ್ತೆ ನಡಿ ಅನ್ನಬಹುದಿತ್ತು. ಯೂ-ಲಾನ್ ಪಕ್ಕಕ್ಕೆ ಸರಿದಳು.

"ಬಾಗಿಲು ಹಾಕು ಹುಡುಗಿ," ಅಂದಳು. "ತಂಪು ಒಳಗೆ ಬರುತ್ತೆ."

ನಿದ್ದೆಯಿಂದೆದ್ದು ಕೆನ್ನೆಯ ಮೇಲೆ ದಿಂಬಿನ ಗೆರೆ ಹೊತ್ತು ಬಂದವರನ್ನೆಲ್ಲ ಅವಳು ಆ ಕೋಣೆಗೆ ತುಂಬಿದಳು. ಎಸಿಯ ರಿಮೋಟನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು, ಯಾರು ಕೇಳಿದರೂ ಕೊಡಲಿಲ್ಲ. "ಅಕ್ಕ, ಜಿಪುಣತನಕ್ಕೂ ಒಂದು ಮಿತಿ ಬೇಡ್ವಾ, ಸಾಯಿಸ್ತೀರಾ," ಎಂದು ಆ-ಹುಂಗ್ ಅಂಗಿ ಎಳೆದು ಗಾಳಿ ಹಾಕಿಕೊಂಡ. ಲಿಯಾವ್‌ಗೆ ಪರದೆಯತ್ತ ಒಂದು ಸಲ ನೋಡಿದ್ದೇ ಸಾಕಾಯಿತು. ಅವಳ ಮೊಣಕೈ ಹಿಡಿದು ಮೂಲೆಗೆ ಕರೆದೊಯ್ದ. ಅವನ ಬೆವರಿನ ವಾಸನೆ ಬಂತು, ಅದರೊಳಗೆ ಹೆದರಿಕೆಯೂ ಇತ್ತು.

"ಕೊಡಿ ಅಕ್ಕ ರಿಮೋಟು. ಸೆಕೆಗೆ ಏನೋ ಹುಚ್ಚುಚ್ಚಾಗಿ ಬರ್ತಿದೆ ಅಂದ್ರಾಯ್ತು. ನಮ್ಮ ಗಿರಾಕಿಗಳ ಕೋಣೆಗಳೆಲ್ಲ ತಣ್ಣಗಿರ್ತವೆ, ಅದನ್ನೇ ಹೇಳೋಣ."

"ರೈಲಲ್ಲಿ ಕೂತಿರೋ ಹುಡುಗನ ತೊಡೆ ತಣ್ಣಗಿರುತ್ತಾ?"

"ಯಾವ ಹುಡುಗ?" ಅವನಿಗೆ ಅರ್ಥವಾಗಲಿಲ್ಲ. "ಅಕ್ಕ, ನಿಮಗೆ ಗೊತ್ತಲ್ಲ. ಇದು ನಿಜ ಅಂತಾದ್ರೆ ಯಜಮಾನಿನ ಕಿತ್ತುಹಾಕ್ತಾರೆ. ನನ್ನ ಕೈಲಿ ತಡೆಯೋಕಾಗಲ್ಲ. ನಿಮ್ಮ ಕೆಲಸ ಪೂರ್ತಿ ಹೋಗುತ್ತೆ."

"ಗೊತ್ತು."

"ಮತ್ತೆ?"

ಕಳ್ಳರ ಭಯ, ಬ್ಯಾಂಕುಗಳು, ಸತ್ಯ, ಅದೆಲ್ಲ ಇತ್ತು. ಅದನ್ನು ಹೇಳಿದರೆ ಅವನು ಗೌರವದಿಂದ ತಲೆದೂಗುತ್ತಿದ್ದ. ಆದರೆ ನಿಜವಾಗಿ ಇದ್ದದ್ದು ಅಷ್ಟೇ ಅಲ್ಲ. ಮೊದ್ದು ಎಂದು ಹೆಸರು ಹೊತ್ತು ಬದುಕುವುದಕ್ಕಿಂತ, ತಾನು ಏನೆಂದು ತೋರಿಸಿ ಹೋಗುವುದು ಯಜಮಾನಿಗೆ ಒಪ್ಪಿಗೆಯಾದೀತು ಅನ್ನಿಸಿತ್ತು. ಇದು ಅಹಂಕಾರವೋ ಏನೋ, ಆಗಿದ್ದರೆ ಆಗಲಿ. ದೇವರ ಮುಂದೆ ಕೈಮುಗಿದು ಬೇರೆ ಯಾವುದನ್ನಾದರೂ ತಪ್ಪೆಂದು ಒಪ್ಪಿಕೊಂಡೇನು, ಇದನ್ನಲ್ಲ. "ಓದಮ್ಮ," ಎಂದು ಶಿನ್-ನಿಗೆ ಕೂಗಿ ಹೇಳಿದಳು. "ಗಟ್ಟಿಯಾಗಿ ಓದು."

ಹುಡುಗಿ ಓದತೊಡಗಿದಳು, ಆ-ಹುಂಗ್ ತನ್ನ ಫೋನು ತೆಗೆದು, ಬೆಳಿಗ್ಗೆ ಬರೆದಿಟ್ಟುಕೊಂಡ ಕೀಲಿಯ ಜೊತೆ ಹೋಲಿಸಿ ನೋಡುತ್ತ ಹೋದ. ಒಂದು. ಸರಿ. ಸೊನ್ನೆ. ಸರಿ. ಮೊದಲು ಅವನ ದನಿಯಲ್ಲಿ ತಮಾಷೆಯಿತ್ತು, ಆಮೇಲೆ ಇಲ್ಲವಾಯಿತು. ಯೂ-ಲಾನ್ ಗೋಡೆಗೆ ಒರಗಿ ನಿಂತಿದ್ದಳು, ಬೆವರು ಬೆನ್ನಿನುದ್ದ ಇಳಿಯುತ್ತಿತ್ತು. ಒಂದು ಅಂಕಿ ತಪ್ಪಿದರೆ ಗುಟ್ಟು ಉಳಿಯುತ್ತದೆ, ಕೆಲಸ ಉಳಿಯುತ್ತದೆ, ಮುಂದಿನ ಚಿಪ್ಪು ಸಮಯಕ್ಕೆ ಸರಿಯಾಗಿ ಕಾರ್ಖಾನೆಗೆ ಹೋಗುತ್ತದೆ. ಕೋಣೆಯಲ್ಲಿದ್ದ ಕಂಪನಿಯವರೆಲ್ಲ ಆ ಒಂದು ತಪ್ಪಿಗಾಗಿ ಕಾಯುತ್ತಿದ್ದರು. ಅವಳೊಬ್ಬಳು, ಪರೀಕ್ಷೆಯ ಬಾಗಿಲಲ್ಲಿ ನಿಂತ ತಾಯಿಯ ಹಾಗೆ, ತಪ್ಪಬೇಡ ಕಣೆ, ತಪ್ಪಬೇಡ ಎಂದು ಒಳಗೊಳಗೇ ಹೇಳಿಕೊಳ್ಳುತ್ತಿದ್ದಳು. ಆ-ಹುಂಗ್ ಕೊನೆಯ ಸರಿ ಅಂದದ್ದು ಯಾರಿಗೂ ಕೇಳಿಸದಷ್ಟು ಮೆಲ್ಲಗೆ. ಫೋನನ್ನು ಕವುಚಿ ಮೇಜಿನ ಮೇಲಿಟ್ಟ.

"ಒಂದೂ ತಪ್ಪಿಲ್ಲ," ಅಂದ.

ಲಿಯಾವ್ ಕುರ್ಚಿ ಹುಡುಕಿ ಕೂತ. ಗೆದ್ದ ಶಿನ್-ನಿ ಒಬ್ಬಳಿಗೆ ಅವರ ಮುಖಗಳ ಅರ್ಥ ತಿಳಿಯಲಿಲ್ಲ. ಸಂತೋಷದ ಗಡಿಬಿಡಿಯಲ್ಲಿ ಪೆನ್ನಿನ ಮುಚ್ಚಳ ತೆಗೆಯಲು ಬರುತ್ತಿರಲಿಲ್ಲ. "ಸರ್, ಇದನ್ನ ಕಟ್ಟಿದವರು ಈಗ್ಲೂ ಇಲ್ಲೇ ಇದಾರಾ?" ಎಂದು ಕೇಳಿದಳು. "ನನ್ನ ಪ್ರಬಂಧದಲ್ಲಿ ಅವರ ಹೆಸರು ಹಾಕ್ಬೇಕು ಅಂತ ಆಸೆ."

ಲಿಯಾವ್ ನೆಲ ನೋಡಿದ. ಆ-ಹುಂಗ್ ಫೋನು ನೋಡಿದ. ಕೋಣೆಯಲ್ಲಿ ಒಬ್ಬರೂ, ಯೂ-ಲಾನ್ ಮೇಲಿನ ಪ್ರೀತಿಗೆ, ಅವಳ ಕಡೆ ತಿರುಗಲಿಲ್ಲ. ಪ್ರಪಂಚದ ಯಾವ ಮೂಲೆಯಲ್ಲಿ ಯಾರು ಈ ತೂತಿನ ಸುದ್ದಿ ಓದಿದರೂ ಆ ಹೆಸರನ್ನು ಓದುತ್ತಾರೆ ಎಂದು ಅವರಿಗೆಲ್ಲ ಗೊತ್ತಿತ್ತು. ಹೆಸರು ಬೇಡಮ್ಮ, ಕಂಪನಿಯ ಕೆಲಸ ಅದು, ಎಲ್ಲರೂ ಸೇರಿ ಮಾಡಿದ್ದು ಎಂದು ಲಿಯಾವ್ ಗೊಣಗಿದ.

"ಎಲ್ಲರೂ ಸೇರಿ ಮಾಡಿದ್ದಲ್ಲ," ಅಂದಳು ಯೂ-ಲಾನ್. ಗೋಡೆ ಬಿಟ್ಟು ಬಂದು ಹುಡುಗಿಯ ಕೈಯಿಂದ ಪೆನ್ನು ತೆಗೆದುಕೊಂಡು, ಮುಚ್ಚಳ ಬಿಚ್ಚಿ ವಾಪಸು ಕೊಟ್ಟಳು. "ಪೆಂಗ್ ಯೂ-ಲಾನ್. ದೊಡ್ಡದಾಗಿ ಬರ್ಕೋ."